ವಿವರವುಳ್ಳ ಎಚ್‌ಒ ಗೂಡ್ಸ್ ಡಬ್ಬಿ: ಸಿದ್ಧ ಮಾದರಿಯೋ, ಕಿಟ್ಟೋ, ರೆಸಿನ್ನೋ, ಹಿತ್ತಾಳೆಯೋ?

ಅಮೆರಿಕದ 40 ಅಡಿಯ ಉಕ್ಕಿನ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ಡಬ್ಬಿಯನ್ನು ಮಾದರಿ ರೈಲಿನ ಎಚ್‌ಒ ಸ್ಕೇಲಿಗೆ (ನಿಜದ ಸುಮಾರು 87ನೇ ಒಂದು ಭಾಗಕ್ಕೆ) ಇಳಿಸಿದರೆ ಸುಮಾರು 15 ಸೆಂ.ಮೀ. ಉದ್ದದ ಡಬ್ಬಿಯಾಗುತ್ತದೆ. ಅಷ್ಟು ಪುಟ್ಟ ವಸ್ತು ಆರೇಳು ಬಗೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯಿಂದ ತೆಗೆದು ಹಳಿಗೆ ಇಡುವಂಥದ್ದು, ಒಂದು ಸಂಜೆಯಲ್ಲಿ ಜೋಡಿಸುವ ಪ್ಲಾಸ್ಟಿಕ್ ಕಿಟ್, ನೂರಕ್ಕೂ ಹೆಚ್ಚು ಬಿಡಿಭಾಗಗಳ ಕಿಟ್, ರೆಸಿನ್ ಕಿಟ್, ತ್ರೀಡಿ ಪ್ರಿಂಟ್, ಬೆಸುಗೆ ಹಾಕಿದ ಹಿತ್ತಾಳೆಯದು. ಎಲ್ಲ ಪೆಟ್ಟಿಗೆಗಳ ಮೇಲೂ ‘ಅತಿ ವಿವರವಾದ ಮಾದರಿ’ ಎಂದೇ ಬರೆದಿರುತ್ತದೆ. ಬಿಡಿಭಾಗಗಳನ್ನು ಎಣಿಸಿ ಆರಿಸುವುದು ಸುಲಭ, ಆದರೆ ಹಾಗೆ ಆರಿಸಿದವರು ಎರಡು ಕಡೆ ಎಡವುತ್ತಾರೆ: ಡಬ್ಬಿ ರೈಲಿನ ಕಾಲಕ್ಕೆ ಸೇರಿದ್ದಾಗಿರುವುದಿಲ್ಲ, ಇಲ್ಲವೇ ಹಳಿಯ ಮೇಲೆ ನಿಲ್ಲುವುದಿಲ್ಲ.

ಮಾತಿಗೆ ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಆಡುಮಾತಿನಲ್ಲಿ ಬೋಗಿ ಎಂದರೆ ಇಡೀ ಡಬ್ಬಿ. ಇಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವ, ನಾಲ್ಕು ಗಾಲಿಗಳ ಚೌಕಟ್ಟು. ಅಮೆರಿಕದ ಹವ್ಯಾಸಿಗಳು ಅದನ್ನೇ ಟ್ರಕ್ ಎನ್ನುತ್ತಾರೆ.

ಮೊದಲು ವರ್ಷ

ನಿಮ್ಮ ರೈಲು ಯಾವ ವರ್ಷದ್ದು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಪುಲ್ಮನ್-ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-1 ಬಾಕ್ಸ್‌ಕಾರ್ ಬಂದದ್ದು 1947ರಲ್ಲಿ. ಅದರ ಮಾದರಿ ಎಷ್ಟೇ ಸೊಗಸಾಗಿರಲಿ, 1938ರ ರೈಲಿನಲ್ಲಿ ಅದು ಪರದೇಶಿಯೇ. ಇಂಥ ಗಡಿಗಳು ಇನ್ನೂ ಇವೆ. ಹಳೆಯ ‘ಕೆ’ ಬ್ರೇಕಿನ ಜಾಗಕ್ಕೆ ‘ಎಬಿ’ ಬ್ರೇಕು 1933ರಿಂದ ಹೊಸ ಡಬ್ಬಿಗಳಿಗೆ ಬಂತು. 1953ರ ನಂತರ ‘ಕೆ’ ಬ್ರೇಕಿನ ಡಬ್ಬಿಯನ್ನು ಬೇರೆ ರೈಲ್ವೆಗಳು ತಮ್ಮ ಹಳಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪಟ್ಟಿಗಳನ್ನು ಬೋಲ್ಟ್ ಹಾಕಿ ಕಟ್ಟಿದ ಆರ್ಚ್‌ಬಾರ್ ಬೋಗಿಗೆ ಅದೇ ನಿಷೇಧ 1940ರಲ್ಲಿ ಬಿತ್ತು. ಬಾಕ್ಸ್‌ಕಾರಿನ ಚಾವಣಿಯ ಮೇಲಿನ ನಡೆಹಲಗೆ 1966ರಿಂದೀಚೆಗೆ ಕಟ್ಟಿದ ಹೊಸ ಡಬ್ಬಿಗಳಲ್ಲಿ ಇಲ್ಲ. ಹಳೆಯವುಗಳಿಂದಲೂ ಮುಂದಿನ ವರ್ಷಗಳಲ್ಲಿ ಕಿತ್ತು ಹಾಕುತ್ತ ಬಂದರು. ಪಕ್ಕಗೋಡೆಯ ಮೇಲೆ ಬಣ್ಣದ ಅಡ್ಡಪಟ್ಟಿಗಳ ಕಪ್ಪು ಫಲಕ ಕಂಡರೆ ಅದು ಡಬ್ಬಿಯ ಗುರುತನ್ನು ಯಂತ್ರ ಓದಲೆಂದು ಅಂಟಿಸಿದ್ದು, 1967ರಿಂದ 1970ರ ದಶಕದ ಕೊನೆಯವರೆಗಿನ ಲಕ್ಷಣ. 1955ರ ರೈಲಿನ ಡಬ್ಬಿಯ ಮೇಲೆ ಆ ಫಲಕ ಇದ್ದರೆ ಹಿಂದಿರುಗಿಸಿ.

ಡಬ್ಬಿಯ ಪಕ್ಕದಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ಕಟ್ಟಿದ ತಿಂಗಳು-ವರ್ಷ ಒಂದು ಕಡೆ, ಖಾಲಿ ಡಬ್ಬಿಯನ್ನು ಕೊನೆಯ ಬಾರಿ ತೂಗಿದ ತಿಂಗಳು-ವರ್ಷ ಇನ್ನೊಂದು ಕಡೆ ಇರುತ್ತದೆ. ಆ ಬಣ್ಣ, ಆ ಬರಹ ಯಾವ ಕಾಲದ್ದೆಂದು ಹೇಳುವುದು ಈ ಎರಡನೆಯ ದಿನಾಂಕ. ಅದು ನಿಮ್ಮ ರೈಲಿನ ವರ್ಷಕ್ಕಿಂತ ಮುಂದಿನದಾಗಿದ್ದರೆ ಡಬ್ಬಿ ಇನ್ನೂ ಹುಟ್ಟಿಲ್ಲದ ಬಣ್ಣ ತೊಟ್ಟಿದೆ ಎಂದೇ ಲೆಕ್ಕ.

ಎರಡನೆಯದು, ಆ ಬಣ್ಣದ ರೈಲ್ವೆಗೆ ಆ ಮೈಯ ಡಬ್ಬಿ ಇತ್ತೇ ಎಂಬುದು. ಅಚ್ಚು ಮಾಡಿಸುವ ಖರ್ಚು ದೊಡ್ಡದು, ಬಣ್ಣ ಬದಲಿಸುವ ಖರ್ಚು ಚಿಕ್ಕದು. ಹಾಗಾಗಿ ಒಂದೇ ಮೈಗೆ ಹತ್ತಾರು ರೈಲ್ವೆಗಳ ಹೆಸರು ಹಾಕಿ ಮಾರುವುದು ರೂಢಿ. ಮೈ ಒಬ್ಬರದು, ಅಂಗಿ ಇನ್ನೊಬ್ಬರದು. ನಿಜವಾದ ಡಬ್ಬಿಯ ಒಂದು ಫೋಟೋ ಮುಂದಿಟ್ಟುಕೊಂಡು ಐದು ಜಾಗ ನೋಡಿದರೆ ಸಾಕು: ಚಾವಣಿ, ತುದಿಗೋಡೆ, ಬಾಗಿಲು, ಏಣಿಯ ಮೆಟ್ಟಿಲು, ಪಕ್ಕದ ಕೆಳ ಅಂಚು. ಪಿಎಸ್-1ರ ಚಾವಣಿಯ ಫಲಕಗಳ ಮೇಲೆ ಬೋ-ಟೈ ಆಕಾರದ ಉಬ್ಬು, ಗೋಡೆಗಳು ವೆಲ್ಡ್ ಮಾಡಿದವು. ಅದಕ್ಕೂ ಹಿಂದಿನ, ಅಮೆರಿಕದ ರೈಲ್ವೆಗಳ ಸಂಘ ಎಎಆರ್‌ನ 1937ರ ವಿನ್ಯಾಸದಲ್ಲಿ ಗೋಡೆಯ ತುಂಬ ರಿವೆಟ್ ಸಾಲು, ತುದಿಯಲ್ಲಿ ಡ್ರೆಡ್‌ನಾಟ್ ಎಂಬ ಉಬ್ಬುಪಟ್ಟಿಗಳು. ಬಾಗಿಲು ಯಂಗ್ಸ್‌ಟೌನ್ ಬಗೆಯದಾದರೆ ಅಲೆಯಲೆಯಾಗಿ ಇರುತ್ತದೆ, ಸುಪೀರಿಯರ್ ಬಗೆಯದಾದರೆ ಅಗಲ ಫಲಕಗಳಾಗಿ. ಬಾಗಿಲನ್ನೋ ಬ್ರೇಕಿನ ಚಕ್ರವನ್ನೋ ಬದಲಿಸಬಹುದು. ತಪ್ಪು ಚಾವಣಿಯನ್ನೂ ತುದಿಯನ್ನೂ ಬದಲಿಸಹೊರಟರೆ ಹೊಸ ಡಬ್ಬಿ ಕಟ್ಟಿದಷ್ಟೇ ಕೆಲಸ.

ಸ್ಕೇಲು ಮತ್ತು ಕಂಬಿಯ ದಪ್ಪ

ಎಚ್‌ಒ 1:87.1, ಹಳಿಯ ಅಂತರ 16.5 ಮಿ.ಮೀ.; ಎನ್ 1:160, ಅಂತರ 9 ಮಿ.ಮೀ.; ಅಮೆರಿಕದ ಒ 1:48, ಅಂತರ ಸುಮಾರು 32 ಮಿ.ಮೀ. ನಿಜವಾದ ಡಬ್ಬಿಯ ಹಿಡಿಕಂಬಿ ಮುಕ್ಕಾಲು ಇಂಚಿನ ಸರಳು. ಒ ಸ್ಕೇಲಿನಲ್ಲಿ ಅದು 0.4 ಮಿ.ಮೀ., ಎಚ್‌ಒದಲ್ಲಿ 0.22, ಎನ್‌ನಲ್ಲಿ 0.12. ಒ ಸ್ಕೇಲಿನಲ್ಲಿ ಬಿಡಿಯಾಗಿ ಕೂರಿಸಿದ ತಂತಿ ಸರಿಯಾದ ದಪ್ಪಕ್ಕೇ ಸಿಗುತ್ತದೆ. ಎಚ್‌ಒದಲ್ಲಿ 0.25ರಿಂದ 0.3 ಮಿ.ಮೀ. ತಂತಿ, ಕಣ್ಣಿಗೆ ಒಪ್ಪುತ್ತದೆ. ಎನ್‌ನಲ್ಲಿ ಮಾತ್ರ ಬಿಡಿ ಪ್ಲಾಸ್ಟಿಕ್ ಹಿಡಿಕಂಬಿ ಹಲವು ಬಾರಿ ಡಬ್ಬಿಗೆ ಒರಗಿಸಿದ ಮರದ ತುಂಡಿನಂತೆ ಕಾಣುತ್ತದೆ. ಗೋಡೆಯ ಜೊತೆಗೇ ತೆಳುವಾಗಿ ಅಚ್ಚಾದ ಗೆರೆಯೇ ಅಲ್ಲಿ ಲೇಸು. ಬಿಡಿ ಭಾಗ ಎಂದ ಮಾತ್ರಕ್ಕೆ ನಿಖರ ಎಂದಲ್ಲ. ಮುಂದಿನದೆಲ್ಲ ಎಚ್‌ಒ ಲೆಕ್ಕದಲ್ಲೇ ಹೇಳುತ್ತೇವೆ.

ಸಿದ್ಧ ಮಾದರಿ

ಇದರಲ್ಲಿ ಎರಡು ದರ್ಜೆ. ಕೆಳ ದರ್ಜೆಯಲ್ಲಿ ಏಣಿ, ಹಿಡಿಕಂಬಿ ಎಲ್ಲ ಗೋಡೆಯ ಜೊತೆ ಒಂದೇ ಅಚ್ಚು. ಮೇಲಿನ ದರ್ಜೆಯಲ್ಲಿ ತಂತಿ ಹಿಡಿಕಂಬಿ, ಆಚೆಬದಿ ಕಾಣುವಷ್ಟು ತೆರಪಿನ ನಡೆಹಲಗೆ, ಅಡಿಯಲ್ಲಿ ಬ್ರೇಕ್ ಸಿಲಿಂಡರಿನಿಂದ ಹೊರಡುವ ಸರಳು-ಕೊಳವೆ, ತುದಿಯಲ್ಲಿ ಗಾಳಿಯ ಹೋಸು. ಕೇಡೀ, ಟ್ಯಾಂಜೆಂಟ್, ರಪೀಡೊ ಮೊದಲಾದವರ ಡಬ್ಬಿಗಳು ಈ ಸಾಲಿನವು. ಬಣ್ಣ ಮತ್ತು ಬರಹದ ವಿಷಯದಲ್ಲಿ ಮನೆಯಲ್ಲಿ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಬರಹದ ಹಾಳೆ) ಅಂಟಿಸುವವರು ಇವುಗಳನ್ನು ಸರಿಗಟ್ಟುವುದು ಕಷ್ಟ. ಒಂದು ಸ್ಕೇಲ್ ಇಂಚಿನ ಅಕ್ಷರವೂ ಓದಲು ಬರುವಂತೆ ಅಚ್ಚಾಗಿರುತ್ತದೆ.

ಕೊರತೆ ಇರುವುದು ಕೈಗೆ ಸಿಕ್ಕಾಗ. ಹಿಡಿಕಂಬಿಗಳು ಯಾವ ವಸ್ತುವಿನವು ಎಂದು ಕೊಳ್ಳುವ ಮುನ್ನ ತಿಳಿದುಕೊಳ್ಳಿ. ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್ ಆದರೆ ಬೆರಳು ತಗುಲಿದರೆ ಪಟ್ಟೆಂದು ಮುರಿಯುತ್ತದೆ. ಅಸಿಟಲ್‌ನಂಥ ಬಾಗುವ ಪ್ಲಾಸ್ಟಿಕ್ ಮುರಿಯುವುದಿಲ್ಲ, ಆದರೆ ಕಿತ್ತು ಬಂದರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ಪದರವಾಗಿ ಏಳುತ್ತದೆ. ಲೋಹದ ತಂತಿ ಬಾಗುತ್ತದೆ. ಚಿಮಟದಲ್ಲಿ ನೇರ ಮಾಡಿದರೆ ಮತ್ತೆ ಮೊದಲಿನಂತೆ. ಪ್ರತಿ ವಾರ ಡಬ್ಬಿ ಎತ್ತಿ ಇಡುವವರಿಗೆ ತಂತಿಯದ್ದೇ ಸರಿ. ಬೋಗಿ ತಿರುಗುವಾಗ ಗಾಲಿ ತಾಗುವಷ್ಟು ಹತ್ತಿರ ಬ್ರೇಕ್ ಕೊಳವೆ ಹಾದು ಹೋಗಿರುವ ಮಾದರಿಗಳೂ ಇವೆ. ಅಂಥವು ನೇರ ಹಳಿಯಲ್ಲಿ ಚೆನ್ನಾಗಿ ಓಡಿ ತಿರುವಿನಲ್ಲಿ ಬೀಳುತ್ತವೆ, ಮತ್ತು ತಪ್ಪು ಹಳಿಯದೆಂದು ಎಲ್ಲರೂ ಹಳಿಯನ್ನೇ ರಿಪೇರಿ ಮಾಡುತ್ತ ಕೂರುತ್ತಾರೆ.

ಪ್ಲಾಸ್ಟಿಕ್ ಕಿಟ್

ಅಥರ್ನ್‌ನ ಹಳೆಯ ನೀಲಿ ಪೆಟ್ಟಿಗೆಯ ಕಿಟ್ಟುಗಳು, ಅಕ್ಯುರೈಲ್‌ನವು ಸರಳ ಜಾತಿಯವು. ಮೈ ಒಂದೇ ತುಂಡು, ಬಣ್ಣ ಬಳಿದು ಬರಹ ಹಾಕಿಯೇ ಬರುತ್ತದೆ. ನೆಲಹಲಗೆ, ತೂಕದ ತಗಡು, ಬೋಗಿ, ಕಪ್ಲರ್ (ಡಬ್ಬಿಗಳನ್ನು ಕೂಡಿಸುವ ಕೊಂಡಿ) ಕೂರಿಸಿದರೆ ಮುಗಿಯಿತು. ಒಂದೆರಡು ಗಂಟೆ ಸಾಕು. ಇವುಗಳ ಮೇಲೆ ಒಂದು ಬಗೆಯ ತಾತ್ಸಾರ ಇದೆ, ಅದು ಸರಿಯಲ್ಲ. ನಲವತ್ತು ಡಬ್ಬಿಗಳ ರೈಲು ಓಡುವಾಗ ಕಣ್ಣು ಒಂದೊಂದು ಡಬ್ಬಿಯ ಮೇಲೆ ಎರಡು ಸೆಕೆಂಡು ನಿಂತರೆ ಹೆಚ್ಚು. ಬಣ್ಣ, ಎತ್ತರ, ಚಾವಣಿಯ ಅಂಚು ಕಾಣುತ್ತದೆ. ಅಡಿಯ ಕೊಳವೆ ಕಾಣುವುದಿಲ್ಲ.

ಬೇಕೆಂದರೆ ಸರಳ ಕಿಟ್ಟನ್ನು ಮೇಲ್ದರ್ಜೆಗೆ ಏರಿಸಬಹುದು, ಆದರೆ ಯಾವುದನ್ನು ಮೊದಲು ಬದಲಿಸಬೇಕು ಎಂಬುದರಲ್ಲಿ ಜಾಣತನ ಬೇಕು. ನಾವು ಹೇಳುವ ಸರದಿ ಇದು: ನಡೆಹಲಗೆ, ನಾಲ್ಕು ಮೂಲೆಯ ಕಾಲ್ಮೆಟ್ಟು, ತುದಿಯ ಹಿಡಿಕಂಬಿ, ಆಮೇಲೆ ಪಕ್ಕದವು. ಮೊದಲ ಎರಡು ಡಬ್ಬಿಯ ಹೊರಗೆರೆಯಲ್ಲೇ ಕಾಣುವುದರಿಂದ ದೂರದಿಂದಲೂ ಫರಕು ಗೊತ್ತಾಗುತ್ತದೆ. ಅಚ್ಚಾದ ಹಿಡಿಕಂಬಿಯನ್ನು ಉಳಿಯ ಬಾಯಿಯ ಹೊಸ ಬ್ಲೇಡಿನಿಂದ ಸಿಪ್ಪೆ ಸುಲಿದಂತೆ ತೆಳ್ಳಗೆ, ಎರಡು ತುದಿಯಿಂದ ನಡುವಿಗೆ ಹೆರೆಯಬೇಕು. ಒಂದೇ ಏಟಿಗೆ ತೆಗೆಯಹೋದರೆ ಗೋಡೆಯಲ್ಲಿ ಹಳ್ಳ ಬೀಳುತ್ತದೆ. ತೆಗೆಯುವುದಕ್ಕೆ ಮುಂಚೆಯೇ ಎರಡು ತುದಿಗಳ ಜಾಗದಲ್ಲಿ ಸೂಜಿಮೊನೆಯಿಂದ ಚುಕ್ಕಿ ಹಾಕಿಕೊಳ್ಳಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ. 80ನೇ ನಂಬರಿನ ಡ್ರಿಲ್ ಬಿಟ್ 0.34 ಮಿ.ಮೀ. ಇರುತ್ತದೆ, 0.3 ಮಿ.ಮೀ. ತಂತಿಗೆ ಅಳತೆ ಸರಿ. ಪಿನ್ ವೈಸ್ ಎಂಬ ಪುಟ್ಟ ಕೈಹಿಡಿಯಲ್ಲಿ ಹಿಡಿದು ಕೈಯಿಂದಲೇ ತಿರುಗಿಸಿ: ಮೋಟರಿನ ವೇಗಕ್ಕೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಂಡು ಬಿಟ್ ಮುರಿಯುತ್ತದೆ. ಎಂಥ ಕೈಗೂ ಬಿಟ್ಟುಗಳು ಮುರಿದೇ ಮುರಿಯುತ್ತವೆ, ಒಟ್ಟಿಗೆ ನಾಲ್ಕಾರು ಇಟ್ಟುಕೊಂಡಿರಿ. ಕಂಬಿ ಮತ್ತು ಗೋಡೆಯ ನಡುವೆ ಕಾರ್ಡಿನ ತುಂಡು ಸಿಕ್ಕಿಸಿ ಒಳಗಿನಿಂದ ಸೂಪರ್ ಗ್ಲೂ ಮುಟ್ಟಿಸಿದರೆ ಎಲ್ಲ ಕಂಬಿಗಳೂ ಒಂದೇ ಅಂತರದಲ್ಲಿ ನಿಲ್ಲುತ್ತವೆ. ಇಷ್ಟು ಮಾಡಿದ ಮೇಲೆ ಬಣ್ಣದ ಮಾತು ಬರುತ್ತದೆ: ಹೆರೆದ ಜಾಗಕ್ಕೆ ಹಚ್ಚಲು ಅದೇ ಬಣ್ಣ ಬೆರೆಸಲು ಆಗದಿದ್ದರೆ ತೇಪೆ ಎದ್ದು ಕಾಣುತ್ತದೆ. ಪಕ್ಕದ ಕಂಬಿಗಳನ್ನು ಕೊನೆಗಿಟ್ಟದ್ದು ಇದಕ್ಕೇ.

ಟಿಚಿಯಂಥವರ ಬಿಡಿಭಾಗಗಳ ಸ್ಟೈರೀನ್ ಕಿಟ್ ಇನ್ನೊಂದು ಜಾತಿ. ಆರರಿಂದ ಹತ್ತು ಗಂಟೆ ಹಿಡಿಯುತ್ತದೆ, ಆದರೆ ಸ್ಟೈರೀನ್ ದ್ರಾವಕ ಅಂಟು ಕೀಲುಗಳನ್ನು ಕರಗಿಸಿ ಬೆಸೆಯುವುದರಿಂದ ಕೈತಪ್ಪನ್ನು ಕ್ಷಮಿಸುತ್ತದೆ. ಒಂದು ಎಚ್ಚರಿಕೆ: ಎಲ್ಲ ಕಡೆ ಮುಚ್ಚಿದ ಬಾಕ್ಸ್‌ಕಾರಿನೊಳಗೆ ದ್ರಾವಕದ ಆವಿ ಸಿಕ್ಕಿಕೊಂಡರೆ ಗೋಡೆ ಮೆತ್ತಗಾಗಿ ಕೆಲವು ವಾರಗಳ ನಂತರ ಒಳಕ್ಕೆ ಬಾಗುತ್ತದೆ. ನೆಲಹಲಗೆಯಲ್ಲಿ ಎರಡು ತೂತು ಕೊರೆದುಬಿಡಿ, ಅಡಿಯಲ್ಲಿ ಯಾರೂ ನೋಡುವುದಿಲ್ಲ.

ರೆಸಿನ್

ಯಾವ ಪ್ಲಾಸ್ಟಿಕ್ ಕಂಪನಿಯೂ ಕೈ ಹಾಕದ, ಒಂದೇ ರೈಲ್ವೆಯಲ್ಲಿದ್ದ ಡಬ್ಬಿಗೆ ರೆಸಿನ್ನೇ ದಾರಿ. ರಬ್ಬರ್ ಅಚ್ಚಿನಲ್ಲಿ ಪಾಲಿಯುರಿಥೇನ್ ಎರೆದು ಕೆಲವೇ ಪ್ರತಿಗಳನ್ನು ತೆಗೆಯಬಹುದಾದ್ದರಿಂದ ವೆಸ್ಟರ್‌ಫೀಲ್ಡ್‌ನಂಥ ಸಣ್ಣ ತಯಾರಕರು ಇದನ್ನು ನೆಚ್ಚಿದ್ದಾರೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಮೈ ಒಂದೇ ತುಂಡಾಗಿ ಎರೆದದ್ದೋ, ಗೋಡೆಗಳು ಬಿಡಿಬಿಡಿಯೋ? ಮೊದಲ ರೆಸಿನ್ ಕಿಟ್ ಆದರೆ ಒಂದೇ ತುಂಡಿನದನ್ನೇ ಕೊಳ್ಳಿ. ಬಿಡಿ ಗೋಡೆಗಳದ್ದು ಇಪ್ಪತ್ತು ಗಂಟೆಗೂ ಹೆಚ್ಚು ಕೇಳುತ್ತದೆ, ಅದರಲ್ಲಿ ಅರ್ಧ ಸಮಯ ಮೂಲೆಗಳನ್ನು ಲಂಬಕೋನಕ್ಕೆ ತರುವುದಕ್ಕೇ ಹೋಗುತ್ತದೆ.

ಕೆಲಸದ ಕ್ರಮ ಹೀಗೆ. ಭಾಗಗಳನ್ನು ಸೂಚನಾಪತ್ರದೊಂದಿಗೆ ಎಣಿಸಿ ನೋಡಿ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಅಚ್ಚಿಗೆ ಸವರಿದ ಎಣ್ಣೆಯಂಥ ಪದಾರ್ಥ ಉಳಿದರೆ ಬಣ್ಣ ಅಲ್ಲೇ ಏಳುತ್ತದೆ. ಡೊಂಕಾದ ಗೋಡೆಯನ್ನು ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಅದ್ದಿ, ಗಾಜಿನ ಮೇಲೆ ಮಲಗಿಸಿ, ಭಾರ ಹೇರಿ ತಣ್ಣಗಾಗಲು ಬಿಡಿ. ಹಿಂಬದಿಯನ್ನು ಗಾಜಿಗೆ ಅಂಟಿಸಿದ ಪಾಲಿಶ್ ಪೇಪರಿನ ಮೇಲೆ ನೀರು ಹಾಕಿಕೊಂಡೇ ಉಜ್ಜಿ. ಒಣದಾಗಿ ಉಜ್ಜಿದರೆ ಧೂಳು ಎದೆಗೆ ಹೋಗುತ್ತದೆ, ಮಾಸ್ಕ್ ಇಲ್ಲದೆ ಕೂರಬೇಡಿ. ಅಂಟು ಸೂಪರ್ ಗ್ಲೂ ಮಾತ್ರ. ಸ್ಟೈರೀನ್‌ನ ದ್ರಾವಕ ರೆಸಿನ್ನನ್ನು ಏನೂ ಮಾಡುವುದಿಲ್ಲ, ಆರಿದ ಹಾಗೆ ಕಂಡು ಮರುದಿನ ಬಿಟ್ಟುಕೊಳ್ಳುತ್ತದೆ. ಚಾವಣಿ ಮುಚ್ಚುವ ಮೊದಲು ತೂಕ ಹಾಕಿ, ಗೋಡೆ ಒಳಗೆ ಬಾಗದಂತೆ ನಡುವೆ ಒಂದು ಅಡ್ಡತುಂಡು ಕೊಡಿ. ಬೋಗಿಯ ಸ್ಕ್ರೂ 2-56 ಅಳತೆಯದಾದರೆ 50ನೇ ನಂಬರಿನ ಬಿಟ್ಟಿನಲ್ಲಿ ಕೊರೆದು ಟ್ಯಾಪ್ ಹಾಕಬೇಕು, ಅಂದರೆ ತೂತಿನೊಳಗೆ ಮರೆ ಕೊರೆಯಬೇಕು. ನೇರವಾಗಿ ಸ್ಕ್ರೂ ತಿರುಗಿಸಿದರೆ ರೆಸಿನ್ ಸೀಳುತ್ತದೆ.

ತ್ರೀಡಿ ಪ್ರಿಂಟ್, ಹಿತ್ತಾಳೆ

ಬೆಳಕಿಗೆ ಗಟ್ಟಿಯಾಗುವ ರೆಸಿನ್ನಿನ ಪ್ರಿಂಟಿನಲ್ಲಿ ರಿವೆಟ್ ಚೂಪಾಗಿ ಬರುತ್ತದೆ, ಇಳಿಜಾರು ಚಾವಣಿಯ ಮೇಲೆ ಮಾತ್ರ ಪದರದ ಗೆರೆ ಉಳಿಯುತ್ತದೆ. ಆ ಗೆರೆ ಉಜ್ಜಿದರೆ ರಿವೆಟ್ಟೂ ಹೋಯಿತು. ಹಾಗಾಗಿ ಮಾರುವವರ ಚಿತ್ರದಲ್ಲಿ ಚಾವಣಿಯನ್ನು ಓರೆ ಬೆಳಕಿನಲ್ಲಿ ತೋರಿಸಿದ್ದಾರೆಯೇ ನೋಡಿ. ಕಾಲ್ಮೆಟ್ಟು ಗಾಜಿನಂತೆ ಮುರಿಯುತ್ತದೆ, ಲೋಹದ್ದು ಹಾಕಿಬಿಡುವುದು ವಾಸಿ. ಪೂರ್ತಿ ಗಟ್ಟಿಯಾಗದ ಪ್ರಿಂಟ್ ಅಂಟಂಟಾಗಿರುತ್ತದೆ, ಅದರ ಮೇಲೆ ಬಣ್ಣ ಒಣಗುವುದೇ ಇಲ್ಲ.

ಹಿತ್ತಾಳೆ ಡಬ್ಬಿಗಳು ಬಹುಪಾಲು ಜಪಾನು, ಕೊರಿಯಾಗಳ ಕಾರ್ಯಾಗಾರಗಳಲ್ಲಿ ಕೈಯಿಂದ ಬೆಸುಗೆ ಹಾಕಿದವು. ಗಾಜಿನ ಕಪಾಟಿಗೆ ಇವಕ್ಕೆ ಸಾಟಿ ಇಲ್ಲ. ಓಡಿಸುವವರಿಗೆ ತೊಂದರೆ ವಿದ್ಯುತ್ತಿನದು. ಮೈ ಲೋಹ, ಬೋಗಿ ಲೋಹ, ಪ್ರತಿ ಆಕ್ಸಲ್ಲಿನಲ್ಲಿ ಒಂದು ಗಾಲಿಗೆ ಮಾತ್ರ ನಿರೋಧಕ. ಒಂದೇ ಒಂದು ಆಕ್ಸಲ್ ತಿರುಗುಮುರುಗಾಗಿ ಕೂತರೆ ಎರಡೂ ಹಳಿ ಮೈಯ ಮೂಲಕ ಸೇರಿ ಶಾರ್ಟ್ ಆಗುತ್ತದೆ. ಲೋಹದ ಕಪ್ಲರ್ ಇರುವ ಎರಡು ಹಿತ್ತಾಳೆ ಡಬ್ಬಿಗಳು ಒಂದಕ್ಕೊಂದು ಎದುರುಬದುರಾಗಿ ನಿಂತರೂ ಅದೇ ಕಥೆ, ಬಿಡಿಯಾಗಿ ಪರೀಕ್ಷಿಸಿದಾಗ ಮಾತ್ರ ಎರಡೂ ಸರಿಯಾಗಿಯೇ ಇರುತ್ತವೆ. ಪ್ಲಾಸ್ಟಿಕ್ ಬೋಗಿ ಹಾಕಿದರೆ ಈ ಕಾಟ ತಪ್ಪುತ್ತದೆ, ಹೆಚ್ಚು ಸಲೀಸಾಗಿ ಉರುಳುತ್ತದೆ ಕೂಡ.

ಯಾವುದನ್ನೇ ಕೊಂಡರೂ ನೋಡಬೇಕಾದದ್ದು

ತೂಕದಿಂದ ಶುರುಮಾಡಿ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎಯ ಆರ್‌ಪಿ-20.1 ಶಿಫಾರಸಿನಂತೆ ಎಚ್‌ಒ ಡಬ್ಬಿಗೆ 1 ಔನ್ಸ್, ಅದರ ಮೇಲೆ ಮೈಯ ಪ್ರತಿ ಇಂಚಿಗೆ ಅರ್ಧ ಔನ್ಸ್. ಮೆಟ್ರಿಕ್‌ನಲ್ಲಿ 28 ಗ್ರಾಂ, ಜೊತೆಗೆ ಪ್ರತಿ ಸೆಂ.ಮೀ.ಗೆ 5.6 ಗ್ರಾಂ. 15 ಸೆಂ.ಮೀ.ಯ ಬಾಕ್ಸ್‌ಕಾರ್ ಸುಮಾರು 112 ಗ್ರಾಂ, 18 ಸೆಂ.ಮೀ.ಯದು 129 ಗ್ರಾಂ ತೂಗಬೇಕು. ಹಗುರ ಡಬ್ಬಿ ಉದ್ದ ರೈಲಿನ ನಡುವೆ ಸಿಕ್ಕರೆ ತಿರುವಿನಲ್ಲಿ ಎಳೆತಕ್ಕೆ ಒಳಬದಿಗೆ ಉರುಳುತ್ತದೆ. ಬಾಕ್ಸ್‌ಕಾರಿಗೆ ತೂಕ ಬಚ್ಚಿಡಲು ಜಾಗವಿದೆ. ಖಾಲಿ ಗೊಂಡೋಲಾ (ಮೇಲೆ ತೆರೆದ, ಗಿಡ್ಡ ಗೋಡೆಯ ಡಬ್ಬಿ), ಫ್ಲಾಟ್‌ಕಾರು (ಬರೀ ನೆಲದ ಡಬ್ಬಿ) ಇವಕ್ಕೆ ಇಲ್ಲ. ಅವುಗಳನ್ನು ಕೊಳ್ಳುವಾಗ ನೆಲವೇ ಲೋಹದ ಎರಕವಾಗಿರುವುದನ್ನು ಹುಡುಕಿ, ಇಲ್ಲವೇ ಸರಕು ಹೇರಿ ಅದರಡಿ ತೂಕ ಮುಚ್ಚಿ. ಸೀಸದ ಗುಂಡುಗಳನ್ನು ಬಿಳಿ ಫೆವಿಕಾಲ್ ಜಾತಿಯ ಅಂಟಿನಲ್ಲಿ ಕೂರಿಸಲೇಬೇಡಿ. ಸೀಸ ನಿಧಾನವಾಗಿ ಕಾರ್ಬೊನೇಟ್ ಆಗಿ ಊದಿಕೊಂಡು ಕೆಲವು ವರ್ಷಗಳಲ್ಲಿ ಡಬ್ಬಿಯನ್ನೇ ಸೀಳುತ್ತದೆ. ಎಪಾಕ್ಸಿ ಆಗಬಹುದು.

ಗಾಲಿ ಲೋಹದ್ದಿರಲಿ, ಪ್ಲಾಸ್ಟಿಕ್ ಗಾಲಿ ಕೊಳೆ ಹಿಡಿದು ಹಳಿಯ ತುಂಬ ಹರಡುತ್ತದೆ. 70 ಟನ್‌ವರೆಗಿನ ಡಬ್ಬಿಗೆ 33 ಇಂಚಿನ ಗಾಲಿ, ಅಂದರೆ ಎಚ್‌ಒದಲ್ಲಿ 9.6 ಮಿ.ಮೀ.; 100 ಟನ್ನಿನದಕ್ಕೆ 36 ಇಂಚು, 10.5 ಮಿ.ಮೀ. ಗಾಲಿಯ ಅಗಲದಲ್ಲಿ ಎರಡು ಆಯ್ಕೆ: ಕೋಡ್ 110 ಎಂದರೆ 2.8 ಮಿ.ಮೀ., ಕೋಡ್ 88 ಎಂದರೆ 2.2. ಎರಡನೆಯದು ತುದಿಯಿಂದ ನೋಡಿದಾಗ ಚೆಂದ, ಆದರೆ ಕವಲುಹಳಿಯಲ್ಲಿ ಹಳಿಗಳು ಒಂದನ್ನೊಂದು ದಾಟುವ ಜಾಗದ (ಫ್ರಾಗ್) ತೆರಪು ಅಗಲವಿದ್ದರೆ ಅದರೊಳಗೆ ಕುಕ್ಕರಿಸಿ ಡಬ್ಬಿ ಜಿಗಿಯುತ್ತದೆ. ನಿಮ್ಮ ಕವಲುಹಳಿಗಳನ್ನು ಮೊದಲು ಗೇಜಿನಿಂದ ಅಳೆದು ಆಮೇಲೆ 88ರ ಆಸೆ ಪಡಿ.

ಕಪ್ಲರಿನಲ್ಲೂ ಇದೇ ಜಗ್ಗಾಟ. ಕೇಡೀ 5ನೇ ನಂಬರ್ ಮತ್ತು ಅದರ ಮೀಸೆ ಸ್ಪ್ರಿಂಗಿನ ತಮ್ಮ 148 ಕೆಲಸಕ್ಕೆ ಗಟ್ಟಿ, ತಲೆ ಸ್ವಲ್ಪ ದಪ್ಪ. 58 ಮತ್ತು 158 ನಿಜಕ್ಕೆ ಹತ್ತಿರ, ಆದರೆ ತಲೆ ಗಿಡ್ಡ ಆದ್ದರಿಂದ ಎತ್ತರದ ತಪ್ಪನ್ನು ಸಹಿಸುವುದಿಲ್ಲ. ಹಳಿ ಏರುವ ಜಾಗದಲ್ಲಿ ರೈಲು ಎರಡಾಗುತ್ತದೆ. ಕಪ್ಲರಿನ ಎತ್ತರ ತೋರಿಸುವ ಕೇಡೀಯ 205 ಗೇಜಿನ ಎದುರು ನಿಲ್ಲಿಸಿ ನೋಡಿ. ಡಬ್ಬಿ ತಗ್ಗಿದ್ದರೆ ಬೋಗಿಗೂ ಮೈಗೂ ನಡುವೆ 0.25 ಮಿ.ಮೀ.ಯ ವಾಷರ್ ಹಾಕಿ. ಕಪ್ಲರ್ ಪೆಟ್ಟಿಗೆಗೆ ಎಣ್ಣೆ ಬೇಡ, ಗ್ರಾಫೈಟ್ ಪುಡಿ ಊದಿ.

ಬೋಗಿಯ ಸ್ಕ್ರೂಗಳನ್ನು ಎರಡೂ ಕಡೆ ಒಂದೇ ಸಮ ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಒಂದು ಬೋಗಿ ಕೇವಲ ತಿರುಗುವಷ್ಟು ಬಿಗಿ ಇರಲಿ, ಇನ್ನೊಂದು ತಿರುಗುವುದಲ್ಲದೆ ಅಕ್ಕಪಕ್ಕಕ್ಕೂ ಓಲಾಡಲಿ. ಮೂರು ಕಾಲಿನ ಸ್ಟೂಲು ಕುಂಟುವುದಿಲ್ಲವಲ್ಲ, ಅದೇ ಲೆಕ್ಕ. ಆಮೇಲೆ ಮೀಟರಿಗೆ 2 ಸೆಂ.ಮೀ. ಇಳಿಯುವ ಹಳಿಯ ಮೇಲೆ ಡಬ್ಬಿ ಬಿಡಿ. ತಾನಾಗಿ ಉರುಳದಿದ್ದರೆ ಆಕ್ಸಲ್ ತುದಿಯ ಗುಳಿಯಲ್ಲಿ ಅಚ್ಚಿನ ಚೂರು ಉಳಿದಿದೆ. 60 ಡಿಗ್ರಿ ಶಂಕುವಿನ ಬೋಗಿ ಟ್ಯೂನರನ್ನು ಒಳಗಿಟ್ಟು ಎರಡು ಸುತ್ತು ತಿರುಗಿಸಿದರೆ ಸಾಕು.

ತಿರುವಿನ ತ್ರಿಜ್ಯ ಡಬ್ಬಿಯ ಉದ್ದದ ಮೂರು ಪಟ್ಟು ಇದ್ದರೆ ನೆಮ್ಮದಿ. 40 ಅಡಿಯದಕ್ಕೆ 45 ಸೆಂ.ಮೀ. ಸಾಕು. 89 ಅಡಿಯ ಫ್ಲಾಟ್‌ಕಾರ್ ಎಚ್‌ಒದಲ್ಲಿ 31 ಸೆಂ.ಮೀ., ಅದಕ್ಕೆ 93 ಸೆಂ.ಮೀ. ಬೇಕು. 56 ಸೆಂ.ಮೀ.ಯ ತಿರುವು ಇರುವ ಮನೆಗೆ ಅದನ್ನು ತರುವ ಮುನ್ನ ಎರಡು ಬಾರಿ ಯೋಚಿಸಿ. ತುದಿಯಲ್ಲಿ ಹೋಸು, ಕಪ್ಲರ್ ಸರಳು ಎಲ್ಲ ಕೂರಿಸಿದ ಸವಿವರ ಮಾದರಿಯಾದರೆ ಕಪ್ಲರ್ ಅಕ್ಕಪಕ್ಕಕ್ಕೆ ಓಲಾಡಲು ಜಾಗವೇ ಇರುವುದಿಲ್ಲ.

ಹಾಗಾದರೆ ಯಾವುದು?

ಯಾರ್ಡಿನಲ್ಲಿ ರೈಲು ಕೂಡಿಸಿ ಬಿಡಿಸುವ ಆಟದಲ್ಲಿ ದಿನವೂ ಕೈಯಾಡುವ ಡಬ್ಬಿಗಳಿಗೆ ಸರಳ ಕಿಟ್, ಲೋಹದ ಗಾಲಿ, 148 ಕಪ್ಲರ್. ಯಾರ್ಡಿನ ಮುಂಚೂಣಿಯಲ್ಲಿ, ಕಣ್ಣಿನಿಂದ ಅರ್ಧ ಮೀಟರ್ ದೂರದಲ್ಲಿ ನಿಲ್ಲುವ ಎಂಟು-ಹತ್ತಕ್ಕೆ ತಂತಿ ಹಿಡಿಕಂಬಿಯ ಸಿದ್ಧ ಮಾದರಿ. ಟ್ಯಾಂಕ್ ಡಬ್ಬಿಯನ್ನು ಸರಳ ಕಿಟ್ಟಿನಲ್ಲಿ ಕೊಳ್ಳಬೇಡಿ. ಅದರ ಸುತ್ತಲಿನ ಹಿಡಿಕಂಬಿ, ಗುಮ್ಮಟದ ಕಟಕಟೆ, ಅಡಿಯ ಕೊಳವೆ ಎಲ್ಲ ಬಯಲಲ್ಲೇ ಇರುವುದರಿಂದ ದಪ್ಪ ಅಚ್ಚು ತಕ್ಷಣ ಕಾಣುತ್ತದೆ. ತಳದಿಂದ ಸರಕು ಸುರಿಸುವ ತೆರೆದ ಹಾಪರ್ ಡಬ್ಬಿ ಕೊಳ್ಳುವುದಾದರೆ ಒಳಗೋಡೆ ನೋಡಿ: ಅಚ್ಚಿನಿಂದ ತಳ್ಳಿದ ಗುಂಡು ಗುರುತುಗಳಿದ್ದರೆ ಖಾಲಿ ಓಡಿಸಲಾಗದು, ಕಲ್ಲಿದ್ದಲು ತುಂಬಲೇಬೇಕು. ನಿಮ್ಮ ರೈಲ್ವೆಗೇ ವಿಶಿಷ್ಟವಾದ ಒಂದೆರಡಕ್ಕೆ ರೆಸಿನ್.

ಹಳೆಯದನ್ನು ಕೊಳ್ಳುವಾಗ ಡಬ್ಬಿಯ ಜೊತೆ ಪೆಟ್ಟಿಗೆಯನ್ನೂ ನೋಡಿ. ಹಿತ್ತಾಳೆ ಮಾದರಿಗೆ ಸುತ್ತಿದ ಹಳೆಯ ಫೋಮ್ ವರ್ಷಗಳಲ್ಲಿ ಪುಡಿಯಾಗಿ, ಅಂಟಾಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಮನೆಗೆ ಬಂದ ದಿನವೇ ಅದನ್ನು ಕಿತ್ತೆಸೆದು ಡಬ್ಬಿಯನ್ನು ಮೆತ್ತನೆಯ ಟಿಶ್ಯೂ ಕಾಗದದಲ್ಲಿ ಸುತ್ತಿಡಿ.